ಬಲಬದಿಯ ಓಟಗಾರ

ನನಗೆ ಓಡುವುದನ್ನು ಕಲಿಸಿದ್ದು ಕೋಣ ಸಾಕುತ್ತಿದ್ದ ಮನುಷ್ಯ. ಹೀಗೆಂದರೆ ಈಗಿನವರು ನಗುತ್ತಾರೆ. ನಗಲಿ. ಬೆನ್ನ ಹಿಂದೆ ಸೈಕಲ್ಲಿನಲ್ಲಿ ಕುಳಿತು, ಮಡ್‌ಗಾರ್ಡಿಗೆ ಬೆತ್ತದಿಂದ ಬಡಿಯುತ್ತ, ‘ಹೋ, ಹೋ’ ಎಂದು ಕೂಗುತ್ತ ಬರುವ ಮಾವನೊಬ್ಬ ಅವರಿಗೂ ಇದ್ದಿದ್ದರೆ ಆ ನಗು ಎಷ್ಟು ದೂರ ಬರುತ್ತಿತ್ತೋ ನೋಡಬೇಕಿತ್ತು.

ಮೂಡಬಿದಿರೆಯಿಂದ ಶಿರ್ತಾಡಿಗೆ ಹೋಗುವ ದಾರಿಯಲ್ಲಿ ನಮ್ಮ ಮನೆ. ಅಳಿಯಕಟ್ಟಿನ ಮನೆಯಾದ್ದರಿಂದ ಅಲ್ಲಿ ನಡೆಯುತ್ತಿದ್ದದ್ದು ಅಪ್ಪನ ಮಾತಲ್ಲ, ಅಮ್ಮನ ಅಣ್ಣನ ಮಾತು. ಅವರೇ ನನ್ನ ಮಾವ. ಅರವತ್ತರ ದಶಕದ ಮೊದಲ ವರ್ಷಗಳವು. ನಾನು ಎಸ್ಸೆಸ್ಸೆಲ್ಸಿ ಪಾಸಾಗಿ ಮನೆಯಲ್ಲಿ ಕುಳಿತಿದ್ದೆ. ನಮ್ಮ ಕಡೆ ಪಾಸಾಗಿ ಕುಳಿತವನನ್ನು ಏನು ಮಾಡುವುದೆಂದು ಯಾರೂ ಹೆಚ್ಚು ಆಲೋಚಿಸುತ್ತಿರಲಿಲ್ಲ: ಬೊಂಬಾಯಿಯಲ್ಲಿ ನಮ್ಮವರದೇ ಒಂದು ಹೋಟೆಲಿರುತ್ತಿತ್ತು, ಗಲ್ಲಾಪೆಟ್ಟಿಗೆಯಲ್ಲಿ ಕೂರುವ ಮೊದಲು ಚಾದ ಕಪ್ಪು ತೊಳೆಯುವ ಕೆಲಸವಿರುತ್ತಿತ್ತು. ಮಾವ ನನಗೂ ಅಂಥ ಜಾಗವೊಂದನ್ನು ಹೇಳಿಟ್ಟಿದ್ದರು. ಅಮ್ಮ ಕಬ್ಬಿಣದ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿ ಒರೆಸಿ ನಡುಮನೆಯ ಮೂಲೆಯಲ್ಲಿ ಬಾಯಿ ತೆರೆದಿಟ್ಟಿದ್ದಳು. ಆ ಪೆಟ್ಟಿಗೆಯನ್ನು ಕಂಡರೆ ನನಗೆ ಊಟ ಸೇರುತ್ತಿರಲಿಲ್ಲ.

ಶಾಲೆಯಲ್ಲಿ ನಾನು ಬೇರೇನಲ್ಲದಿದ್ದರೂ ಓಡುತ್ತಿದ್ದೆ. ಅದೊಂದನ್ನು ನಂಬಿ ನಮ್ಮ ಡ್ರಿಲ್ ಮಾಸ್ಟ್ರು ದೀಪಾವಳಿ ಕಳೆದ ಮೇಲೆ ಒಂದು ದಿನ ಮನೆಗೆ ಬಂದರು. ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆ ಕಡೆಯ ಯುವಕರಿಗೆಲ್ಲ ಬೇಸಗೆಯ ಹೊತ್ತಿಗೆ ಒಂದು ದೂರದ ಓಟ ನಡೆಯಲಿಕ್ಕುಂಟು, ಸಿದ್ಧಕಟ್ಟೆಯಿಂದ ಮೂಡಬಿದಿರೆಗೆ. ಮೊದಲು ಬಂದವನೊಬ್ಬನನ್ನು ಜಿಲ್ಲೆಯ ಕೂಟಕ್ಕೆ ಕಳಿಸುತ್ತಾರೆ. ಹಾಗೆ ಹೋಗಿಬಂದವನಿಗೆ ವ್ಯಾಯಾಮ ಶಿಕ್ಷಕರ ತರಬೇತಿ ಶಾಲೆಯಲ್ಲಿ ಸೀಟು ಕೊಡಿಸುವುದು ತನ್ನ ಜವಾಬ್ದಾರಿ ಎಂದರು.

“ಓಡಿದ್ದಕ್ಕೆ ಸಂಬಳ ಕೊಡುವ ಸರಕಾರ ಯಾವುದು ಮಾಸ್ಟ್ರೇ?” ಎಂದು ಮಾವ ಕೇಳಿದರು.

“ಓಡಿದ್ದಕ್ಕಲ್ಲ, ಓಡಿಸಿದ್ದಕ್ಕೆ.”

ಮಾವನಿಗೆ ಆ ಮಾತು ಎಲ್ಲೋ ತಾಗಿತು. ಎಲೆಯಡಿಕೆಯನ್ನು ಅಂಗಳಕ್ಕೆ ಉಗಿದು ಬಂದು ತೀರ್ಪು ಕೊಟ್ಟರು. “ಆಯ್ತು, ಓಡಲಿ. ಮೊದಲು ಬಂದರೆ ನಿಮ್ಮ ಶಾಲೆ. ಇಲ್ಲದಿದ್ದರೆ ಬೊಂಬಾಯಿ ಬಸ್ಸು.”

“ಎರಡನೆಯವನಾಗಿ ಬಂದರೆ?” ನಾನು ಕೇಳಿದೆ.

“ಕಂಬಳದಲ್ಲಿ ಓಡುವುದು ಎರಡು ಜೋಡಿ. ಎರಡನೆಯದಾಗಿ ಬಂತು ಎಂದರೆ ಸೋತಿತು ಅಂತ ಅರ್ಥ.”

ಮಾವನ ಅಳತೆಗೋಲು ಯಾವಾಗಲೂ ಅದೇ, ಕಂಬಳ. ಕೆಸರುಗದ್ದೆಯಲ್ಲಿ ನೊಗ ಹೂಡಿದ ಕೋಣಗಳನ್ನು ಓಡಿಸುವ ಆ ಪಂದ್ಯದಲ್ಲಿ ಅವರ ಜೋಡಿಗೆ ಹೆಸರಿತ್ತು. ಆದರೆ ಆ ಮಳೆಗಾಲದಲ್ಲಿ ಜೋಡಿಯ ಬಲಬದಿಯ ಕೋಣ ಗಂಟಲು ಬಾತು ಸತ್ತುಹೋಗಿತ್ತು. ಎಡಬದಿಯದು ಹುಲ್ಲು ಮುಟ್ಟದೆ ಗೋಡೆಗೆ ಮುಖ ಮಾಡಿ ನಿಂತೇ ಇತ್ತು. ಹೊಸದೊಂದನ್ನು ತಂದು ಪಕ್ಕಕ್ಕೆ ಕಟ್ಟಿದರೆ ಅದನ್ನು ತಿವಿಯಿತು. ಕೊನೆಗೆ ಮಾವ ಅದನ್ನು ಬೆಳ್ತಂಗಡಿ ಕಡೆಯ ಒಬ್ಬರಿಗೆ ಕೊಟ್ಟು ಕೈತೊಳೆದುಕೊಂಡರು. ಕೊಟ್ಟ ದಿನ ಅವರು ಊಟಕ್ಕೆ ಬರಲಿಲ್ಲ. ಆಮೇಲೆ ಆ ಕೊಟ್ಟಿಗೆಯ ಕಡೆ ಯಾರಾದರೂ ಹೋದರೂ ಸಿಡುಕುತ್ತಿದ್ದರು.

ಅಂಥ ಮನುಷ್ಯನ ಕೈಗೆ ನಾನು ಸಿಕ್ಕಿಬಿದ್ದೆ.

ಮೊದಲ ದಿನ ಬೆಳಿಗ್ಗೆ ಮೂಡಬಿದಿರೆಯ ದಾರಿಯಲ್ಲಿ ಒಬ್ಬನೇ ಓಡಿದೆ. ಮಾವ ಸೈಕಲ್ಲಿನಲ್ಲಿ ಹಿಂದೆ ಬಂದರು. ಮುರಕಲ್ಲಿನ ಕೆಂಪು ಏರೊಂದನ್ನು ಹತ್ತುವಾಗ ನನ್ನ ಓಟ ನಿಧಾನವಾಯಿತು. ಮಾವ ಸೈಕಲ್ ಇಳಿದು ನನ್ನನ್ನು ಮೇಲಿಂದ ಕೆಳಗೆ ನೋಡಿದರು, ಥೇಟ್ ದನದ ವ್ಯಾಪಾರಕ್ಕೆ ಬಂದವರ ಹಾಗೆ. “ಒಂಟಿ ಓಡಿದರೆ ನೀನು ಸೋಮಾರಿ. ಪಕ್ಕದಲ್ಲಿ ಒಬ್ಬ ಬೇಕು” ಎಂದರು.

ಮರುದಿನವೇ ಆ ಒಬ್ಬ ಬಂದ. ಮಂಗಳೂರಿನ ಬಸ್ಸಿನಲ್ಲಿ ಬಂದಿಳಿಯುವ ಮೀನನ್ನು ಬುಟ್ಟಿಯಲ್ಲಿ ತಲೆಯ ಮೇಲೆ ಹೊತ್ತು, ಬಿಸಿಲೇರುವ ಮೊದಲು ಶಿರ್ತಾಡಿಯವರೆಗಿನ ಮನೆಗಳಿಗೆ ಮುಟ್ಟಿಸುತ್ತಿದ್ದ ಬ್ಯಾರಿ ಮುಸಲ್ಮಾನರ ಹುಡುಗ, ನನ್ನದೇ ಪ್ರಾಯ. ಮೀನು ಕೆಡಬಾರದಲ್ಲ, ಹಾಗಾಗಿ ಅವನು ನಡೆದದ್ದನ್ನು ಊರಲ್ಲಿ ಯಾರೂ ಕಂಡವರಿರಲಿಲ್ಲ. ಕೊರಳು ಅಲುಗದೆ, ಬುಟ್ಟಿಯ ನೀರು ಹನಿಯುತ್ತ, ಓಡಿಯೇ ಹೋಗುತ್ತಿದ್ದ. ಓಟದ ಸುದ್ದಿ ಕೇಳಿ ತಾನೂ ಹೆಸರು ಕೊಡುತ್ತೇನೆಂದು ಅವನೇ ಮಾಸ್ಟ್ರ ಬಳಿ ಹೋಗಿದ್ದನಂತೆ. ಮಾವ ಅವನನ್ನು ನನ್ನ ಎಡಕ್ಕೆ ನಿಲ್ಲಿಸಿದರು. ಅಂದಿನಿಂದ ನಮ್ಮಿಬ್ಬರ ಹೆಸರು ಮಾವನ ಬಾಯಲ್ಲಿ ಬರಲೇ ಇಲ್ಲ. ಅವನು ಎಡದವನು, ನಾನು ಬಲದವನು.

“ಇದೆಂಥ ಹುಚ್ಚು?” ಎಂದು ಮಾಸ್ಟ್ರು ತಲೆ ಚಚ್ಚಿಕೊಂಡರು. “ದೂರದ ಓಟ ಒಬ್ಬನ ಓಟ. ಉಸಿರು ಅವನವನದು, ಕಾಲು ಅವನವನದು. ಇಬ್ಬರೂ ಮೊದಲು ಬರಲಿಕ್ಕೆ ಆಗ್ತದಾ?”

“ನಿಮಗೆ ಮಕ್ಕಳು ಗೊತ್ತು ಮಾಸ್ಟ್ರೇ. ಓಟ ನನಗೆ ಗೊತ್ತುಂಟು,” ಎಂದರು ಮಾವ. ಮಾಸ್ಟ್ರು ಆಮೇಲೆ ಆ ಕಡೆ ಬರುವುದನ್ನೇ ಕಡಿಮೆ ಮಾಡಿದರು.

ಒಂದು ಮೂಗು ಕೂಡ ಮುಂದೆ ಹೋಗಬಾರದು ಎಂಬುದು ಮಾವನ ಕಟ್ಟಳೆ. ಅವನ ಎಡಗಾಲು ನೆಲಕ್ಕೆ ಬೀಳುವಾಗ ನನ್ನದೂ ಬೀಳಬೇಕು. ತಪ್ಪಿದರೆ ಮಡ್‌ಗಾರ್ಡಿನ ಮೇಲೆ ಬೆತ್ತ. ಆ ತಗಡಿನ ಸದ್ದಿಗೆ ದಾರಿಬದಿಯ ನಾಯಿಗಳೆಲ್ಲ ಎದ್ದು ಬೊಗಳುತ್ತಿದ್ದವು. ಬಸದಿಗೆ ಹೊರಟ ಹೆಂಗಸರು ಸೆರಗು ಬಾಯಿಗಿಟ್ಟು ನಗುತ್ತಿದ್ದರು. ನಾನು ನಾಚಿಕೆಯಿಂದ ಸಾಯುತ್ತಿದ್ದೆ. ಎಡದವನು ಮಾತ್ರ ಏನೂ ಆಗದವನಂತೆ ಓಡುತ್ತಿದ್ದ. ಅದನ್ನು ಕಂಡು ನನಗೆ ಇನ್ನಷ್ಟು ಉರಿಯುತ್ತಿತ್ತು.

ಆದರೆ ಒಂದು ತಿಂಗಳು ಕಳೆಯುವಷ್ಟರಲ್ಲಿ ಆ ಏರು ನನಗೆ ಏರೆಂದು ಗೊತ್ತಾಗುತ್ತಿರಲಿಲ್ಲ. ಎರಡು ಹೆಜ್ಜೆಗಳು ಒಂದೇ ಸದ್ದಾಗಿ ಕೇಳತೊಡಗಿದ್ದವು. ಶಿರ್ತಾಡಿಯ ದಾರಿ ಸಾಲದೆ ವೇಣೂರಿನ ಕಡೆ, ಆಮೇಲೆ ಸಿದ್ಧಕಟ್ಟೆಯ ಕಡೆಯೇ ಓಡತೊಡಗಿದೆವು. ದಣಿವು ಬಂದಾಗ ನಾನು ದಾರಿ ನೋಡುತ್ತಿರಲಿಲ್ಲ, ಪಕ್ಕದ ಆ ಸದ್ದನ್ನು ಹಿಡಿದುಕೊಂಡು ಹೋಗುತ್ತಿದ್ದೆ. ಇದನ್ನು ಮಾವನ ಮುಂದೆ ಒಪ್ಪಿಕೊಳ್ಳಲಿಲ್ಲ. ಅಷ್ಟು ಸುಲಭಕ್ಕೆ ಒಪ್ಪುವ ಜಾತಿಯವನಲ್ಲ ನಾನು.

ಇನ್ನು ತಿನ್ನಿಸುವ ವಿಚಾರ. ಕಂಬಳದ ಕೋಣಕ್ಕೆ ಬೇಯಿಸಿದ ಹುರುಳಿ ಕೊಡುವುದು ಎಲ್ಲರಿಗೂ ಗೊತ್ತು. ಆ ತಾಮ್ರದ ಹಂಡೆ ಮತ್ತೆ ಒಲೆಗೇರಿತು. ಮೀನಿನ ಬಸ್ಸು ಬರುವ ಮೊದಲೇ ಬೆಳಗಿನ ಓಟ ಮುಗಿಸಿ ಬಂದರೆ ಒಂದೊಂದು ಬೋಗುಣಿ ಹುರುಳಿ, ಉಪ್ಪು, ಅದರ ಕಟ್ಟಿನ ನೀರು, ಮೇಲೊಂದು ತುಂಡು ಬೆಲ್ಲ. ಮಧ್ಯಾಹ್ನ ಕುಚ್ಚಲಕ್ಕಿ ಗಂಜಿ, ಒಣಮೀನಿನ ಚಟ್ನಿ. ಸಂಜೆ ಇಬ್ಬರಿಗೂ ಎಣ್ಣೆ ತಿಕ್ಕಿ ಬಿಸಿನೀರು. ಹುರುಳಿ ತಿಂದ ಹೊಟ್ಟೆ ಓಡುವಾಗ ಏನೇನು ಮಾತಾಡುತ್ತದೆ ಎಂಬುದನ್ನು ಇಲ್ಲಿ ಬರೆಯುವುದು ಮರ್ಯಾದೆಯಲ್ಲ. ಇಬ್ಬರ ಹೊಟ್ಟೆಯೂ ಒಂದೇ ಮಾತಾಡುತ್ತಿತ್ತು ಎಂದರೆ ಸಾಕು.

ಇಬ್ಬರೂ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ, ಒಂದೇ ಅಳತೆ ತಿನ್ನಬೇಕು ಎಂಬುದೂ ಕಟ್ಟಳೆಯೇ. ಬ್ಯಾರಿಯನ್ನು ಒಳಗೆ ಕೂರಿಸಿ ಬಡಿಸುವ ಕಾಲ ಅದಲ್ಲ, ಅಷ್ಟು ಧೈರ್ಯ ಮಾವನಿಗೂ ಇರಲಿಲ್ಲ. ಅದಕ್ಕೆ ಅವರು ನನ್ನನ್ನು ಹೊರಗೆ ಹಾಕಿದರು. ನಾಲ್ಕು ತಿಂಗಳು ನನ್ನ ಊಟ ಜಗಲಿಯಲ್ಲೇ ಆಯಿತು. ಅಮ್ಮ ಬಾಗಿಲಲ್ಲಿ ನಿಂತು ಕಣ್ಣೀರು ಒರೆಸಿಕೊಳ್ಳುತ್ತಿದ್ದಳು. ಎಡದವನು ಒಂದು ದಿನ ಮೆಲ್ಲಗೆ, “ನಿನ್ನ ಜಾತಿ ಉಂಟೋ ಹೋಯ್ತೋ?” ಎಂದು ಕೇಳಿದ. ನಾನು ಹುರುಳಿ ಬಾಯಲ್ಲಿಟ್ಟುಕೊಂಡು ನಕ್ಕು ಕೆಮ್ಮಿದೆ.

ಅಷ್ಟರಲ್ಲಿ ಅವರ ಉಪವಾಸದ ತಿಂಗಳು ಬಂತು. ಹಗಲು ಅವನು ಹನಿ ನೀರೂ ಮುಟ್ಟುವಂತಿಲ್ಲ. ಸರಿ, ಅವನ ಉಪವಾಸ ಅವನಿಗೆ ಎಂದು ನಾನು ಬೋಗುಣಿಗೆ ಕೈಹಾಕಿದರೆ ಮಾವ ಅದನ್ನು ಎಳೆದುಕೊಂಡರು.

“ಜೋಡಿಯಲ್ಲಿ ಒಂದಕ್ಕೆ ತಿನ್ನಿಸಿ ಇನ್ನೊಂದನ್ನು ಉಪವಾಸ ಕೆಡವುವುದುಂಟೋ?”

“ನಾನು ಕೋಣ ಅಲ್ಲ ಮಾವ!” ಎಂದು ಕಿರುಚಿದೆ.

“ಕೋಣವಾದರೆ ಇಷ್ಟು ಮಾತಾಡ್ತಿರಲಿಲ್ಲ,” ಎಂದರು.

ಅಲ್ಲಿಂದ ಓಟ ಸೂರ್ಯ ಮುಳುಗುವ ಹೊತ್ತಿಗೆ ಬದಲಾಯಿತು. ಹಸಿದ ಹೊಟ್ಟೆಯಲ್ಲಿ ಓಡಿಬಂದು, ಪೇಟೆಯ ಮಸೀದಿಯಿಂದ ಬಾಂಗು ಕೇಳುವವರೆಗೆ ಇಬ್ಬರೂ ಜಗಲಿಯ ತುದಿಯಲ್ಲಿ ಕುಳಿತಿರುತ್ತಿದ್ದೆವು. ಎದುರಿಗೆ ಬೋಗುಣಿಗಳು. ಬಾಂಗಿಗೆ ಅಷ್ಟು ಕಿವಿ ಕೊಟ್ಟು ಕಾದ ಬಂಟರ ಹುಡುಗ ನಮ್ಮ ಸೀಮೆಯಲ್ಲಿ ಬೇರೆ ಇರಲಾರ.

ಬೂಟಿನ ಜಗಳ ಇದಕ್ಕಿಂತ ದೊಡ್ಡದು. ಮಾಸ್ಟ್ರು ತಮ್ಮ ಹಳೆಯ ಕ್ಯಾನ್‌ವಾಸ್ ಬೂಟುಗಳನ್ನು ನನಗೆ ಕೊಟ್ಟಿದ್ದರು. ಬಿಳಿ ಬಣ್ಣ ಬಳಿದು ಬಿಸಿಲಿಗೆ ಒಣಗಿಸಿದೆ. ಮಾವ ನೋಡಿದರು. “ಎಡದವನಿಗೆ?” ಎಂದರು. ಇಲ್ಲ ಎಂದೆ. “ಹಾಗಾದರೆ ಯಾರಿಗೂ ಬೇಡ. ಇನ್ನೊಂದು ಜೊತೆಗೆ ಮಂಗಳೂರಿಗೆ ಹೇಳಿಕಳಿಸುವ, ಬಂದ ಮೇಲೆ ನೋಡುವ.” ಬೂಟುಗಳು ಖಾಲಿ ಕೊಟ್ಟಿಗೆಯ ಮೊಳೆಗೆ ನೇತುಬಿದ್ದವು. ಮಂಗಳೂರಿನಿಂದ ಇನ್ನೊಂದು ಜೊತೆ ಬರಲೇ ಇಲ್ಲ. ಬದಲಿಗೆ ಗೇರುಬೀಜ ಸುಡುವಾಗ ಸಿಪ್ಪೆಯಿಂದ ಒಸರುವ ಕಪ್ಪು ಎಣ್ಣೆಯನ್ನು ನಮ್ಮಿಬ್ಬರ ಅಂಗಾಲಿಗೆ ಹಚ್ಚಿದರು. ಎರಡು ದಿನ ಚರ್ಮ ಸುಟ್ಟ ಹಾಗೆ ಉರಿಯಿತು, ಮತ್ತೆ ಮರದ ಹಲಗೆಯಷ್ಟು ಗಟ್ಟಿಯಾಯಿತು. ಆ ಬೂಟಿಗಾಗಿ ನಾನು ಮಾವನೊಡನೆ ಮಾತು ಬಿಟ್ಟೆ. ಅವರಿಗೆ ಅದು ಗೊತ್ತೇ ಆಗಲಿಲ್ಲ.

ಇಷ್ಟೆಲ್ಲದರ ನಡುವೆ ನಾವಿಬ್ಬರು ಒಂದು ಮಾತನ್ನು ಎತ್ತುತ್ತಿರಲಿಲ್ಲ. ಮೊದಲು ಬರುವವನು ಒಬ್ಬನೇ. ದಿನಾ ಜೊತೆಯಾಗಿ ಮುಗಿಸುವವರಲ್ಲಿ ಆ ಒಬ್ಬ ಯಾರು? ಓಟದ ದಿನ ಹತ್ತಿರ ಬಂದಂತೆ ನನಗೆ ನಿದ್ದೆ ಕೆಟ್ಟಿತು. ಪೆಟ್ಟಿಗೆಯಲ್ಲಿ ಅಮ್ಮ ಎರಡು ಪಂಚೆ, ಒಂದು ಕಂಬಳಿ ಇಟ್ಟಾಗಿತ್ತು. ಉಪವಾಸ ಮುಗಿದು, ಪೆರ್ನಾಲ್ ಹಬ್ಬವೂ ಕಳೆದು ಮತ್ತೆ ಬೆಳಗಿನ ಓಟ ಶುರುವಾದ ದಿನ, ಮಾವ ಸೈಕಲ್ಲಿಗೆ ಗಾಳಿ ಹಾಕಿಸಲು ನಿಂತದ್ದನ್ನು ನೋಡಿ ನಾನು ಎಡದವನನ್ನು ಕೇಳಿಯೇಬಿಟ್ಟೆ.

“ಆ ದಿನ ಎಂಥ ಮಾಡುವುದು?”

“ಎಂಥದು?”

“ಇಬ್ಬರೂ ಒಟ್ಟಿಗೆ ಗೆರೆ ದಾಟಿದರೆ ಮಾಸ್ಟ್ರು ಯಾರನ್ನು ಕಳಿಸ್ತಾರೆ?”

ಅವನು ಬೆವರು ಒರೆಸಿಕೊಂಡ. “ನಿನಗೆ ಬೊಂಬಾಯಿಗೆ ಹೋಗಲಿಕ್ಕೆ ಮನಸ್ಸಿಲ್ಲ. ನನಗೆ ಮೀನು ಹೊರಲಿಕ್ಕೆ ಮನಸ್ಸಿಲ್ಲ. ಇದರಲ್ಲಿ ಯಾರದ್ದು ದೊಡ್ಡದು, ನೀನೇ ಹೇಳು.”

ನಾನು ಬಗ್ಗಿ ಅಂಗಾಲಿನ ಮಣ್ಣು ಉಜ್ಜತೊಡಗಿದೆ.

“ಹಾಗಾದರೆ ಓಡುವ,” ಎಂದ.

ಓಟದ ದಿನ ಬೆಳಿಗ್ಗೆ ಮಾವ ನಮ್ಮನ್ನು ಸಿದ್ಧಕಟ್ಟೆಯಲ್ಲಿ ಎಡಬಲಕ್ಕೆ ನಿಲ್ಲಿಸಿ ಬೆನ್ನಿಗೆ ಒಂದೊಂದು ತಟ್ಟು ಕೊಟ್ಟರು. ಸೈಕಲ್ಲಿನಲ್ಲಿ ಹಿಂದೆ ಬರುವಂತಿಲ್ಲ ಎಂದು ನಡೆಸುವವರು ಖಡಾಖಂಡಿತ ಹೇಳಿದ್ದರಿಂದ ಅವರು ಮೂಡಬಿದಿರೆಯ ಬಸ್ಸು ಹತ್ತಿದರು. ಕಿಟಕಿಯಿಂದ ತಲೆ ಹೊರಹಾಕಿ, “ಜೋಡಿ ಬಿಡಬೇಡಿ!” ಎಂದು ಕೂಗಿದ್ದು ಎಲ್ಲರಿಗೂ ಕೇಳಿತು. ಬೆಳ್ತಂಗಡಿಯಿಂದ ಬಂದಿದ್ದವನೊಬ್ಬ, ಮಿಲಿಟರಿಗೆ ಸೇರಲು ತಯಾರಾಗುತ್ತಿದ್ದವನು, ನಮ್ಮ ಕಪ್ಪು ಅಂಗಾಲುಗಳನ್ನು ನೋಡಿ ಮೂಗು ಮುರಿದ. ಅವನ ಕಾಲಲ್ಲಿ ಹೊಸ ಬೂಟುಗಳಿದ್ದವು.

ಶುರುವಿನಲ್ಲಿ ಬಹಳ ಮಂದಿ ನಮ್ಮನ್ನು ದಾಟಿ ಹೋದರು. ನಮಗೆ ಅದರ ಚಿಂತೆಯಿರಲಿಲ್ಲ. ಎರಡು ಕಾಲುಗಳ ಒಂದೇ ಸದ್ದು ಹಿಡಿದು ಹೋದೆವು. ಬಿಸಿಲು ಹತ್ತಿದಂತೆ ಮುಂದಿದ್ದವರು ಒಬ್ಬೊಬ್ಬರಾಗಿ ಹಿಂದೆ ಬಿದ್ದರು. ಅರ್ಧ ದಾರಿ ಮುಗಿದಾಗ ನಮ್ಮ ಮುಂದೆ ಉಳಿದದ್ದು ಆ ಬೂಟಿನವನೊಬ್ಬನೇ, ಒಂದು ತಿರುವಿನಷ್ಟು ದೂರದಲ್ಲಿ. ಹಿಡಿಯಬಹುದು ಎಂದು ನನಗೂ ಗೊತ್ತಿತ್ತು, ಎಡದವನಿಗೂ ಗೊತ್ತಿತ್ತು. ಹಿಡಿದ ಮೇಲೆ ಏನು ಎಂಬುದೇ ಎದೆಯಲ್ಲಿ ಕುಟ್ಟುತ್ತಿತ್ತು.

ಒಂದು ಇಳಿಜಾರಿನಲ್ಲಿ ರಸ್ತೆಗೆ ಹೊಸ ಜಲ್ಲಿ ಸುರಿದಿದ್ದರು. ನಾವು ಅಭ್ಯಾಸ ಮಾಡುವಾಗ ಅದು ಅಲ್ಲಿರಲಿಲ್ಲ. ಅದರ ಮೇಲೆ ಹತ್ತಿಪ್ಪತ್ತು ಹೆಜ್ಜೆ ಹಾಕಿರಬಹುದು, ಪಕ್ಕದ ಸದ್ದು ಕೆಟ್ಟಿತು. ತಿರುಗಿ ನೋಡುವ ಮೊದಲೇ ನನಗೆ ತಿಳಿಯಿತು. ಚೂಪು ಕಲ್ಲು ಅವನ ಬೆರಳಿನ ಬುಡದಿಂದ ಅಂಗಾಲಿನ ನಡುವಿನವರೆಗೆ ಸೀಳಿತ್ತು. ಅವನು ಹಲ್ಲು ಕಚ್ಚಿ ಮತ್ತೆ ಓಡಿದ. ನಾನೂ ಅವನ ಜೊತೆಗೆ ನಿಧಾನವಾದೆ. ಹಿಂದಿದ್ದವರಲ್ಲಿ ಇಬ್ಬರು ನಮ್ಮನ್ನು ದಾಟಿದರು. ಬೂಟಿನವನು ಕಣ್ಮರೆಯಾದ. ನನ್ನ ಕಣ್ಣ ಮುಂದೆ ಆ ಕಬ್ಬಿಣದ ಪೆಟ್ಟಿಗೆ ಬಂದು ನಿಂತಿತು.

“ಆಗ್ತದಾ ನಿನ್ನಿಂದ?” ಎಂದು ಕೂಗಿದೆ.

“ಆಗುವುದಿಲ್ಲ. ನೀನು ಹೋಗು.”

“ಮಾವನಿಗೆ ಎಂಥ ಹೇಳಲಿ?”

“ಅದನ್ನು ಬೊಂಬಾಯಿಯಲ್ಲಿ ಕಪ್ಪು ತೊಳೆಯುತ್ತ ಆಲೋಚನೆ ಮಾಡು! ಹೋಗು ಮಾರಾಯ!” ಎಂದವನೇ ನನ್ನ ಬೆನ್ನಿಗೆ ಎರಡೂ ಕೈಯಿಂದ ದೂಡಿದ.

ಹೋದೆ. ಆದರೆ ಓಡಲಿಕ್ಕೆ ಬರಬೇಕಲ್ಲ! ಎಡಗಡೆಯಲ್ಲಿ ಸದ್ದಿಲ್ಲ. ನನ್ನ ಕಾಲು ಎತ್ತಿದಲ್ಲೇ ತಡೆಯುತ್ತಿತ್ತು, ಉಸಿರು ಎಲ್ಲಿ ಬಿಡಬೇಕೋ ಅಲ್ಲಿ ಎಳೆಯುತ್ತಿದ್ದೆ. ಹೊಟ್ಟೆಯ ಪಕ್ಕದಲ್ಲಿ ಚಳುಕು ಹಿಡಿಯಿತು. ಮಾವನನ್ನು ಬಾಯಿಗೆ ಬಂದಂತೆ ಬೈದೆ. ನನ್ನ ಕಾಲನ್ನು ನನಗೇ ಇಲ್ಲದ ಹಾಗೆ ಮಾಡಿಬಿಟ್ಟರಲ್ಲ ಎಂದು ಅಳು ಬಂತು. ಕೊನೆಗೆ ಏನು ತೋಚಿತೋ, ಎಡಗೈಯಿಂದ ತೊಡೆಗೆ ಬಡಿಯತೊಡಗಿದೆ, ಅವನ ಹೆಜ್ಜೆ ಬೀಳುವ ಹೊತ್ತಿಗೆ ಸರಿಯಾಗಿ. ಆ ಸದ್ದು ಕೇಳಿದ ಮೇಲೆ ಕಾಲು ತನ್ನಷ್ಟಕ್ಕೆ ಎದ್ದಿತು. ಹಾಗೆ ತೊಡೆ ಬಡಿದುಕೊಳ್ಳುತ್ತಲೇ ಇಬ್ಬರನ್ನು ದಾಟಿದೆ. ಪೇಟೆಗೆ ಮೊದಲಿನ ಏರಿನಲ್ಲಿ ಬೂಟಿನವನು ಸಿಕ್ಕಿದ. ನನ್ನ ಬಡಿತ ಕೇಳಿ ಅವನು ಹಿಂತಿರುಗಿ ನೋಡಿದ. ನೋಡಿದ್ದೇ ತಪ್ಪಾಯಿತು ಅವನಿಗೆ.

ಶಾಲೆಯ ಮೈದಾನದಲ್ಲಿ ಸುಣ್ಣದ ಗೆರೆ ದಾಟಿದಾಗ ಜನ ಹೋ ಎಂದರು. ಮಾಸ್ಟ್ರು ನನ್ನನ್ನು ಅಪ್ಪಿಕೊಂಡರು. ಅವರ ತೋಳಿನಿಂದ ಬಿಡಿಸಿಕೊಂಡು ಮಾವನನ್ನು ಹುಡುಕಿದೆ. ಕಂಬಳ ಮುಗಿಸಿದ ಕೋಣಗಳ ತಲೆಗೆ ಸುರಿಯುವಂತೆ ನಮಗೂ ಸುರಿಯಲು ನೀರಿನ ಕೊಡಪಾನ ಹಿಡಿದು ಅವರು ಗೆರೆಯ ಆಚೆಗೆ ನಿಂತಿದ್ದರು. ನನ್ನನ್ನಲ್ಲ, ನನ್ನ ಹಿಂದಿನ ರಸ್ತೆಯನ್ನು ನೋಡುತ್ತಿದ್ದರು.

“ಎಡದವನೆಲ್ಲಿ?”

“ನಾನು ಮೊದಲು ಬಂದೆ ಮಾವ.”

“ಕಂಡೆ. ಎಡದವನೆಲ್ಲಿ?”

“ಕಾಲು ಸೀಳಿತು. ಜಲ್ಲಿ ಹಾಕಿದಲ್ಲಿ ಉಳಿದ.”

ಅವರು ಕೊಡಪಾನವನ್ನು ಹೆಗಲಿಗಿಟ್ಟುಕೊಂಡು ನಾನು ಓಡಿಬಂದ ದಾರಿಯಲ್ಲೇ ಇಳಿದುಹೋದರು. ನನಗೆ ಒಂದು ಹನಿ ನೀರು ಸಿಗಲಿಲ್ಲ. ಮೊದಲು ಬಂದರೆ ಶಾಲೆ ಎಂದು ತೀರ್ಪು ಕೊಟ್ಟವರು ಇವರೇ! ನನಗೆ ಮೈಯೆಲ್ಲ ಹೊತ್ತಿ ಉರಿಯಿತು. ಅವನನ್ನು ಬಿಟ್ಟುಬಂದದ್ದು ತಪ್ಪೆಂದು ನಾನು ಆಗಲೂ ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ದೂಡಿದವನು ಅವನೇ.

ಹಾರ ಹಾಕಿದರು, ಭಾಷಣ ಮಾಡಿದರು, ಜನ ಚದುರಿದರು. ಸುಣ್ಣದ ಗೆರೆಯ ಮೇಲೆ ಮಕ್ಕಳು ಓಡಾಡಿ ಅದು ಅರ್ಧ ಅಳಿಸಿಹೋಗಿತ್ತು. ಅಷ್ಟು ಹೊತ್ತಿಗೆ ಅವರಿಬ್ಬರು ಕಾಣಿಸಿದರು. ಎಡದವನ ಕಾಲಿಗೆ ಮಾವನ ಹೆಗಲ ಮೇಲಿನ ಬೈರಾಸು ಸುತ್ತಿತ್ತು. ಅವನ ಕೈ ಮಾವನ ಕೊರಳ ಸುತ್ತ ಇತ್ತು, ಮಾವನ ಕೈ ಅವನ ಸೊಂಟದಲ್ಲಿ. ಅವನನ್ನು ನಾಲ್ಕು ತಿಂಗಳು ಜಗಲಿಯಿಂದ ಒಳಗೆ ಕರೆಯಲಾರದ ಮನುಷ್ಯ ಇಡೀ ಮೂಡಬಿದಿರೆ ಪೇಟೆಯ ನಡುವೆ ಹಾಗೆಯೇ ನಡೆಸಿಕೊಂಡು ಬಂದಿದ್ದರು. ಅಳಿಸಿದ ಆ ಗೆರೆಯನ್ನು ದಾಟಿಸಿದ ಮೇಲೆಯೇ ಅವನನ್ನು ಕೂರಿಸಿದರು. ಕೊಡಪಾನದಲ್ಲಿ ಉಳಿದ ನೀರನ್ನು ಅವನ ತಲೆಗೆ ಅರ್ಧ, ನನ್ನ ತಲೆಗೆ ಅರ್ಧ ಸುರಿದರು.

“ಈಗ ಬಂತು ಜೋಡಿ,” ಎಂದರು.

“ಹಾಗಾದರೆ ನಾನು ಬಂದದ್ದು ಎಂಥದು?” ನಾನು ಅವರ ಎದುರಿಗೆ ಬಂದು ನಿಂತೆ. “ನನಗೆ ಶಾಲೆಯೋ ಬೊಂಬಾಯಿಯೋ, ಅದನ್ನು ಹೇಳಿ!”

“ಶಾಲೆ. ಮಾತು ಕೊಟ್ಟಿದ್ದೇನಲ್ಲ.” ಖಾಲಿ ಕೊಡಪಾನವನ್ನು ಬೋರಲು ಹಾಕಿದರು. “ಪೆಟ್ಟಿಗೆ ಅಟ್ಟಕ್ಕೆ ಹಾಕಲಿಕ್ಕೆ ನಿನ್ನ ಅಮ್ಮನಿಗೆ ನಾನೇ ಹೇಳ್ತೇನೆ. ಆದರೆ ಒಂಟಿಯಾಗಿ ಬಂದದ್ದಕ್ಕೆ ಕೈ ತಟ್ಟು ಅಂತ ನನಗೆ ಹೇಳಬೇಡ. ನನಗೆ ಅದು ಬರುವುದಿಲ್ಲ.”

ಬಸ್ ನಿಲ್ದಾಣಕ್ಕೆ ನಡೆದೆವು. ಎಡದವನು ಒಂದು ಕೋಲು ಊರಿಕೊಂಡ. “ನಾಳೆ ಮೀನಿನ ಬಸ್ಸು ಬರುವಾಗ ಈ ಕಾಲು ಎಂಥ ಮಾಡ್ತದೋ,” ಎಂದ, ಯಾರಿಗೆ ಎಂದಿಲ್ಲದೆ. ಮಾವ ಎಂದಿನಂತೆ ನಮ್ಮ ಹಿಂದೆ ಬರುತ್ತಿದ್ದರು. ಕೊರಳಲ್ಲಿ ಹಾರ ಹಾಕಿಕೊಂಡು ಅವರಿಬ್ಬರ ಜೊತೆ ಹೀಗೆ ನಡೆಯಲು ನನಗೆ ಆಗಲಿಲ್ಲ. ಸಿಟ್ಟಿನಿಂದ ಬಿರಬಿರನೆ ಮುಂದೆ ಹೋಗಬೇಕೆಂದು ಹೆಜ್ಜೆ ಹಾಕಿದೆ. ಹತ್ತು ಹೆಜ್ಜೆಯೂ ಆಗಿರಲಿಲ್ಲ, ನೋಡುತ್ತೇನೆ, ನಾನು ಅವನ ಬಲಕ್ಕೇ ಇದ್ದೆ. ಕಾಲಿಗೆ ಗಾಯವೇ ಇಲ್ಲದ ನಾನೂ ಅವನ ಹೆಜ್ಜೆಗೆ ಸರಿಯಾಗಿ ಕುಂಟುತ್ತಿದ್ದೆ.